ಕ್ವೆಬೆಕ್ ಸೇತುವೆಯೂ ತಾಳೆ ನೋಡದ ಲೆಕ್ಕವೂ

ಉತ್ತರ ಅಮೇರಿಕಾ ಖಂಡದ ಐದು ಮಹಾಸರೋವರಗಳ ನೀರನ್ನು ಹೊತ್ತು ಈಶಾನ್ಯ ದಿಕ್ಕಿಗೆ ಹರಿದು ಅಟ್ಲಾಂಟಿಕ್ ಸಾಗರವನ್ನು ಸೇರುವ ಸೇಂಟ್ ಲಾರೆನ್ಸ್ ನದಿಯ ಹೆಸರನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಭೂಗೋಳದ ಪಾಠದಲ್ಲಿ ಬಾಯಿಪಾಠ ಮಾಡಿದ್ದನ್ನು ಮರೆತಿರಲಾರರು. ಆ ನದಿಯ ಉತ್ತರ ದಡದಲ್ಲಿ, ಎತ್ತರವಾದ ಬಂಡೆಯ ಮೇಲೆ, ಕೆನಡಾ ದೇಶದ ಕ್ವೆಬೆಕ್ ಎಂಬ ಪಟ್ಟಣವಿದೆ. 1608ರಲ್ಲಿ ಫ್ರೆಂಚರು ಅಲ್ಲಿ ನೆಲೆಯೂರಿದರು. ಪಟ್ಟಣದ ಹೆಸರಾದರೋ ಫ್ರೆಂಚರದಲ್ಲ; ಆ ನಾಡಿನ ಮೂಲನಿವಾಸಿಗಳ ಭಾಷೆಯಲ್ಲಿ ‘ನದಿಯು ಕಿರಿದಾಗುವ ಸ್ಥಳ’ ಎಂಬುದು ಅದರ ಅರ್ಥ. ಕಿರಿದೆಂಬುದನ್ನು ನಮ್ಮ ಊರಿನ ಹೊಳೆಗಳ ಅಳತೆಯಿಂದ ತಿಳಿಯಬಾರದು. ಕೆಳಗೆ ಸಮುದ್ರದಂತೆ ಹರಡಿಕೊಳ್ಳುವ ಆ ಮಹಾನದಿಯು ಪಟ್ಟಣದಿಂದ ಸುಮಾರು ಆರು ಮೈಲಿ ಮೇಲಕ್ಕೆ, ಎರಡು ಕಡಿದಾದ ದಡಗಳ ನಡುವೆ, ಅರ್ಧ ಮೈಲಿಯಷ್ಟಕ್ಕೆ ಇಕ್ಕಟ್ಟಾಗುತ್ತದೆ. ಇಕ್ಕಟ್ಟಾದುದರಿಂದಲೇ ಅಲ್ಲಿ ಆಳವೂ ಸೆಳೆತವೂ ಹೆಚ್ಚು. ಸಮುದ್ರದ ಉಬ್ಬರವಿಳಿತವು ಅಲ್ಲಿಯ ವರೆಗೂ ಏರಿ ಬರುವುದು. ಚಳಿಗಾಲದಲ್ಲಿ ಮಂಜುಗಡ್ಡೆಯ ದೊಡ್ಡ ಹಲಗೆಗಳು ಒಂದರ ಮೇಲೊಂದು ಹತ್ತಿ, ಅಡ್ಡವಾದುದನ್ನೆಲ್ಲ ತಿಕ್ಕಿಕೊಂಡು ಹೋಗುವುವು.

ಈ ಸ್ಥಳದಲ್ಲಿ ನಿಂತಿರುವ ಸೇತುವೆಯ ವೃತ್ತಾಂತವನ್ನು ಈ ಸಂಚಿಕೆಗಾಗಿ ನಾವು ಆರಿಸಿಕೊಂಡುದಕ್ಕೆ ಒಂದು ಕಾರಣವುಂಟು. ವರ್ಷ ವರ್ಷವೂ ತಂದೆತಾಯಿಗಳಲ್ಲಿ ಕೆಲವರು ಮಗಳ ಗಣಿತದ ಉತ್ತರಪತ್ರಿಕೆಯನ್ನು ಹಿಡಿದುಕೊಂಡು ಬಂದು, “ಅಮ್ಮಾ, ಉತ್ತರ ಸರಿಯಾಗಿಯೇ ಇದೆಯಲ್ಲ; ಅಂಕವನ್ನು ಏಕೆ ಕಳೆದಿರಿ?” ಎಂದು ಕೇಳುತ್ತಾರೆ. ಹಂತಗಳನ್ನು ಬರೆಯದೆ, ಕೊನೆಯಲ್ಲಿ ತಾಳೆ ನೋಡದೆ ಬಿಟ್ಟ ಲೆಕ್ಕಕ್ಕೆ ನಾವು ಪೂರ್ಣಾಂಕ ಕೊಡುವುದಿಲ್ಲವೆಂದು ಎಷ್ಟು ಹೇಳಿದರೂ, ಇದು ಶಿಕ್ಷಕಿಯರ ಹಠವೆಂದೇ ಅವರಿಗೆ ತೋರುವುದು. ಹೆಣ್ಣುಮಕ್ಕಳಿಗೆ ಇಷ್ಟು ಗಣಿತವೇ ಏಕೆಂದು ಕೇಳುವವರೂ ಇಲ್ಲದಿಲ್ಲ. ಕ್ವೆಬೆಕ್ಕಿನಲ್ಲಿ ನಡೆದುದನ್ನು ಅವರ ಮುಂದಿಡಲು ಬಯಸುತ್ತೇವೆ.

ಸೇತುವೆ ಏಕೆ ಬೇಕಾಯಿತೆಂಬುದನ್ನು ಮೊದಲು ಹೇಳಬೇಕು. ಇದೇ ನದಿಯ ಮೇಲ್ಭಾಗದಲ್ಲಿರುವ ಮಾಂಟ್ರಿಯಲ್ ಪಟ್ಟಣಕ್ಕೆ 1859ರಲ್ಲಿ ವಿಕ್ಟೋರಿಯಾ ಸೇತುವೆಯಾಯಿತು. ರೈಲುಬಂಡಿಗಳು ಆ ದಾರಿಯನ್ನು ಹಿಡಿದವು. ವ್ಯಾಪಾರವು ರೈಲಿನ ಹಿಂದೆ ಹೋಯಿತು. ಒಂದು ಕಾಲಕ್ಕೆ ದೇಶದ ಬಾಗಿಲೆನಿಸಿದ್ದ ಕ್ವೆಬೆಕ್ಕಿನವರು ನದಿಯನ್ನು ಬೇಸಗೆಯಲ್ಲಿ ದೋಣಿಯಿಂದಲೂ, ಚಳಿಗಾಲದಲ್ಲಿ ನೀರು ಗಟ್ಟಿಯಾಗಿ ಹೆಪ್ಪುಗಟ್ಟಿದಾಗ ಮಂಜುಗಡ್ಡೆಯ ಮೇಲಿನಿಂದಲೂ ದಾಟುತ್ತಿದ್ದರು. ಗಟ್ಟಿಯೂ ಅಲ್ಲದ ನೀರೂ ಅಲ್ಲದ ದಿವಸಗಳಲ್ಲಿ ದಾಟುವುದು ಪ್ರಾಣವನ್ನು ಕೈಯಲ್ಲಿ ಹಿಡಿದ ಹಾಗೆಯೇ. ಸೇತುವೆಗಾಗಿ 1887ರಲ್ಲಿ ಒಂದು ಕಂಪೆನಿಯು ಏರ್ಪಟ್ಟಿತು. ಹಣ ಕೂಡಲಿಲ್ಲ. ಹದಿಮೂರು ವರ್ಷಗಳು ಹೀಗೆಯೇ ಕಳೆದ ಮೇಲೆ, 1900ರ ಅಕ್ಟೋಬರ್ 2ರಂದು, ಆ ಪಟ್ಟಣದಿಂದಲೇ ಪಾರ್ಲಿಮೆಂಟಿಗೆ ಹೋದ ಪ್ರಧಾನಿ ಸರ್ ವಿಲ್‌ಫ್ರಿಡ್ ಲಾರಿಯೆ ಅವರು ಮೊದಲ ಕಲ್ಲನ್ನು ಇಟ್ಟರು.

ಹಡಗುಗಳು ಮಾಂಟ್ರಿಯಲ್ಲಿಗೆ ಹೋಗುವ ದಾರಿಯಿದು. ಆದುದರಿಂದ ಸೇತುವೆಯು ಉಬ್ಬರದ ನೀರಿನಿಂದ 150 ಅಡಿ ಎತ್ತರದಲ್ಲಿರಬೇಕು. ನಡುನೀರಿನಲ್ಲಿ ಕಂಬವೂ ಇರಕೂಡದು. ಇಂಥ ಸ್ಥಳಕ್ಕೆ ಅಂದಿನ ಇಂಜಿನಿಯರುಗಳು ಮೆಚ್ಚಿದುದು ಕ್ಯಾಂಟಿಲೀವರ್ ಎಂಬ ರೀತಿಯ ಸೇತುವೆಯನ್ನು. ಅದನ್ನು ಚಾಚುತೋಳಿನ ಸೇತುವೆ ಎಂದು ಕರೆದರೆ ತಪ್ಪಾಗದು. ನಮ್ಮ ಒಂಬತ್ತನೆಯ ತರಗತಿಯಲ್ಲಿ ಇದನ್ನು ಹೀಗೆ ತೋರಿಸುತ್ತೇವೆ. ಇಬ್ಬರು ಹುಡುಗಿಯರನ್ನು ಎರಡು ಕುರ್ಚಿಗಳ ಮೇಲೆ ಅಕ್ಕಪಕ್ಕದಲ್ಲಿ, ನಡುವೆ ಜಾಗ ಬಿಟ್ಟು, ಕೂರಿಸುತ್ತೇವೆ. ಇಬ್ಬರೂ ಎರಡೂ ಕೈಗಳನ್ನು ಚಾಚಿ ಕೋಲುಗಳನ್ನು ಹಿಡಿಯುತ್ತಾರೆ. ಆ ಕೋಲುಗಳ ಬುಡವು ಕುರ್ಚಿಯ ಪೀಠಕ್ಕೆ ಒತ್ತಿಕೊಂಡಿರುತ್ತದೆ. ಹೊರಗಡೆಯ ಕೈಗಳಿಗೆ ಇಟ್ಟಿಗೆಗಳನ್ನು ಹಗ್ಗದಿಂದ ಕಟ್ಟುತ್ತೇವೆ. ಒಳಗಡೆಯ ಕೈಗಳ ನಡುವೆ ಒಂದು ಹಲಗೆಯನ್ನು ತೂಗುಹಾಕಿ, ಅದರ ಮೇಲೆ ತರಗತಿಯ ಅತಿ ಚಿಕ್ಕ ಹುಡುಗಿಯನ್ನು ಕೂರಿಸುತ್ತೇವೆ. ಆಗ ತೋಳುಗಳು ಜಗ್ಗುತ್ತವೆ, ಕೋಲುಗಳು ನುಗ್ಗುತ್ತವೆ. ಹಲಗೆಯ ಮೇಲಿನವಳು ಮಾತ್ರ ನಗುತ್ತ ಕೂತಿರುತ್ತಾಳೆ. ಈ ಉಪಾಯವು ನಮ್ಮದಲ್ಲ. ಸ್ಕಾಟ್ಲೆಂಡಿನ ಫೋರ್ತ್ ಸೇತುವೆಯನ್ನು ಕಟ್ಟಿದ ಬೆಂಜಮಿನ್ ಬೇಕರ್ ಅವರು 1887ರಲ್ಲಿ ಲಂಡನ್ನಿನ ಸಭೆಯೊಂದರಲ್ಲಿ ಇದನ್ನೇ ತೋರಿಸಿದರು; ನಡುವಿನ ಹಲಗೆಯ ಮೇಲೆ ಕೂತಿದ್ದವರು ಕಾಯಿಚಿ ವಾತಾನಾಬೆ ಎಂಬ ಜಪಾನಿ ಇಂಜಿನಿಯರು.

ಈ ಆಟದಲ್ಲಿ ಮನಸ್ಸಿನಲ್ಲಿಡಬೇಕಾದ ವಿಷಯವೊಂದಿದೆ. ತೋಳು ಎಳೆತವನ್ನು ತಾಳುತ್ತದೆ, ಕೋಲು ಒತ್ತಡವನ್ನು ತಾಳುತ್ತದೆ. ಇವೆರಡೂ ಒಂದೇ ತರದ ಕಷ್ಟವಲ್ಲ. ಹಿಡಿಸೂಡಿಯಿಂದ ತೆಂಗಿನ ಗರಿಯ ಕಡ್ಡಿಯೊಂದನ್ನು ತೆಗೆದು ಎರಡು ತುದಿಗಳನ್ನು ಹಿಡಿದು ಎಳೆಯಿರಿ, ಸುಲಭವಾಗಿ ಹರಿಯದು. ಅದೇ ಕಡ್ಡಿಯನ್ನು ನೆಲಕ್ಕೆ ಊರಿ ಮೇಲಿನಿಂದ ಬೆರಳಿನಿಂದ ಒತ್ತಿರಿ. ಕೂಡಲೆ ಬಿಲ್ಲಿನಂತೆ ಬಾಗುವುದು. ನಾಲ್ಕು ಕಡ್ಡಿಗಳನ್ನು ಸೇರಿಸಿ ಅಲ್ಲಲ್ಲಿ ಬಿಗಿಯಾಗಿ ದಾರ ಕಟ್ಟಿ ಒತ್ತಿದರೆ ಬಾಗುವುದಿಲ್ಲ. ದಾರ ಸಡಿಲವಾಗಿದ್ದರೋ, ನಾಲ್ಕೂ ತಮ್ಮ ತಮ್ಮ ದಾರಿ ಹಿಡಿಯುವುವು. ಕ್ವೆಬೆಕ್ ಸೇತುವೆಯಲ್ಲಿ ಒತ್ತಡವನ್ನು ತಾಳಬೇಕಾದ ಕೆಳಗಿನ ದೊಡ್ಡ ತೊಲೆಗಳು ಹೀಗೆಯೇ ನಾಲ್ಕು ನಾಲ್ಕು ಉಕ್ಕಿನ ಫಲಕಗಳನ್ನು ಸಣ್ಣ ಪಟ್ಟಿಗಳಿಂದ ಹೆಣೆದು ಕಟ್ಟಿದವುಗಳು. ಒಂದೊಂದು ತೊಲೆಯ ಉದ್ದವು ಸುಮಾರು 57 ಅಡಿ.

ಕಟ್ಟುವ ಗುತ್ತಿಗೆಯನ್ನು ಅಮೇರಿಕಾದ ಪೆನ್ಸಿಲ್ವೇನಿಯಾ ಸಂಸ್ಥಾನದ ಫೀನಿಕ್ಸ್ ಬ್ರಿಡ್ಜ್ ಕಂಪೆನಿಯು ಹಿಡಿಯಿತು. ಅವರ ವಿನ್ಯಾಸಕಾರರು ಪೀಟರ್ ಸ್ಲಾಪ್ಕಾ. ಎಲ್ಲವನ್ನೂ ಪರೀಕ್ಷಿಸಿ ಒಪ್ಪಿಗೆ ಕೊಡುವ ಸಲಹೆಗಾರ ಇಂಜಿನಿಯರರಾಗಿ ನ್ಯೂಯಾರ್ಕಿನ ಥಿಯೊಡೋರ್ ಕೂಪರ್ ಅವರು ನೇಮಕವಾದರು. ಕೂಪರರು ಸಾಮಾನ್ಯರಲ್ಲ. ಮಿಸಿಸಿಪಿ ನದಿಗೆ ಸೇಂಟ್ ಲೂಯಿಸಿನಲ್ಲಿ ಕಟ್ಟಿದ ಪ್ರಸಿದ್ಧ ಸೇತುವೆಯಲ್ಲಿ ಯೌವನದಲ್ಲಿ ದುಡಿದವರು. ರೈಲುಸೇತುವೆಗಳ ಮೇಲೆ ಬೀಳುವ ಭಾರವನ್ನು ಲೆಕ್ಕ ಹಾಕಲು ಅವರು ಹಾಕಿಕೊಟ್ಟ ಕ್ರಮವನ್ನು ಅಮೇರಿಕಾದ ಇಂಜಿನಿಯರುಗಳು ಅವರ ಹೆಸರಿನಿಂದಲೇ ಕರೆಯುತ್ತಾರೆ. ವಯಸ್ಸು ಅರುವತ್ತು ದಾಟಿತ್ತು, ಆರೋಗ್ಯ ಕೆಟ್ಟಿತ್ತು. ಈ ಸೇತುವೆಯು ತಮ್ಮ ಜೀವಮಾನದ ಕೆಲಸಕ್ಕೆ ಶಿಖರವಾಗಬೇಕೆಂದು ಅವರು ಆಶಿಸಿದರು.

ಮೊದಲಿನ ಯೋಜನೆಯಲ್ಲಿ ಎರಡು ಮುಖ್ಯ ಕಂಬಗಳ ನಡುವಣ ಅಂತರವು 1,600 ಅಡಿ. ಕಂಬಗಳನ್ನು ಇನ್ನಷ್ಟು ದಡದ ಕಡೆಗೆ ಸರಿಸಿದರೆ ಆಳವಾದ ನೀರಿನ ಕೆಲಸವು ತಪ್ಪುವುದು, ಮಂಜುಗಡ್ಡೆಯ ಬಾಧೆಯು ಕಡಿಮೆಯಾಗುವುದು, ಕಾಲವೂ ಉಳಿಯುವುದೆಂದು ಕೂಪರರು ಹೇಳಿ, 1900ರಲ್ಲಿ ಅಂತರವನ್ನು 1,800 ಅಡಿಗೆ ಏರಿಸಿದರು. ಕಾರಣಗಳು ಸರಿಯಾದವುಗಳೇ. ಆದರೆ 1890ರಲ್ಲಿ ತೆರೆದ ಫೋರ್ತ್ ಸೇತುವೆಯ ಅಂತರವು 1,710 ಅಡಿ. 1,800 ಎಂದೊಡನೆ ಕ್ವೆಬೆಕ್ಕಿನದು ಲೋಕದಲ್ಲಿಯೇ ಮೊದಲನೆಯದಾಯಿತು ಎಂಬುದನ್ನೂ ಮರೆಯಲಾಗದು.

ಇಲ್ಲಿ ನಮ್ಮ ಹುಡುಗಿಯರು ಒಂದು ಸಣ್ಣ ಲೆಕ್ಕವನ್ನು ಮಾಡಬಹುದು. 1,600ಕ್ಕೆ 1,800 ಎಂದರೆ 8ಕ್ಕೆ 9. ಎಂಟರಲ್ಲಿ ಒಂದು ಪಾಲು ತಾನೆ ಹೆಚ್ಚಿತೆಂದು ತೋರುವುದು. ಆದರೆ ಸಮನಾಗಿ ಹರಡಿದ ಭಾರವು ತೊಲೆಯನ್ನು ಬಾಗಿಸುವ ಬಲವು ಉದ್ದದ ವರ್ಗದಂತೆ ಬೆಳೆಯುತ್ತದೆ. 8ರ ವರ್ಗ 64, 9ರ ವರ್ಗ 81. ಆಗ ನಾಲ್ಕರಲ್ಲಿ ಒಂದು ಪಾಲಿಗಿಂತಲೂ ಹೆಚ್ಚಾಯಿತು. ಆ ಬಲವನ್ನು ತಾಳಲು ತೊಲೆಗಳನ್ನು ದಪ್ಪ ಮಾಡಬೇಕು. ದಪ್ಪ ಮಾಡಿದರೆ ಸೇತುವೆಯ ಸ್ವಂತ ತೂಕವೇ ಏರುವುದು. ತೂಕ ಏರಿದರೆ ಮತ್ತೆ ದಪ್ಪ ಮಾಡಬೇಕು. ಆದುದರಿಂದ ಇಂಥ ಕಟ್ಟಡದಲ್ಲಿ ಮೊದಲು ತೂಕವನ್ನು ಊಹಿಸಿ ಅಳತೆಗಳನ್ನು ಗೊತ್ತು ಮಾಡಿಕೊಂಡು, ಆ ಅಳತೆಗಳಿಂದ ನಿಜವಾದ ತೂಕವನ್ನು ಕಂಡುಹಿಡಿದು, ಊಹೆಯೊಂದಿಗೆ ಹೋಲಿಸಿ, ಹೊಂದದಿದ್ದರೆ ಪುನಃ ಆರಂಭಿಸಬೇಕು. ನಾವು ಮಕ್ಕಳಿಗೆ ತಾಳೆ ನೋಡುವುದೆಂದು ಕಲಿಸುವುದು ಇದನ್ನೇ.

ಅದು ನಡೆಯಲಿಲ್ಲ. ಹಣವಿಲ್ಲದ ಕಾಲದಲ್ಲಿ ವಿವರವಾದ ವಿನ್ಯಾಸದ ಖರ್ಚನ್ನು ಯಾರೂ ವಹಿಸಿಕೊಳ್ಳಲಿಲ್ಲ. 1903ರಲ್ಲಿ ಸರ್ಕಾರವು ಸಾಲಕ್ಕೆ ಹೊಣೆಯಾದೊಡನೆ ಎಲ್ಲರಿಗೂ ಅವಸರ ಹುಟ್ಟಿತು. ಹಿಂದಿನ ಊಹೆಯ ತೂಕದ ಮೇಲೆಯೇ ತೊಲೆಗಳ ನಕ್ಷೆಗಳು ತಯಾರಾದವು, ಉಕ್ಕು ಕೊಯ್ದದ್ದಾಯಿತು, ರಿವೆಟ್ಟುಗಳನ್ನು ಬಡಿದದ್ದಾಯಿತು. ಕೂಪರರು ಉಕ್ಕಿನ ಮೇಲೆ ಹಾಕಬಹುದಾದ ಒತ್ತಡದ ಮಿತಿಯನ್ನೂ ರೂಢಿಗಿಂತ ಎತ್ತರಿಸಿದ್ದರು. ಸರ್ಕಾರದ ಇಂಜಿನಿಯರರಾದ ರಾಬರ್ಟ್ ಡಗ್ಲಸ್ ಅವರು ಇದು ಅತಿಯಾಯಿತೆಂದು ಆಕ್ಷೇಪಿಸಿದರು. ಸರ್ಕಾರವು ತನ್ನದೇ ಸಲಹೆಗಾರರನ್ನು ಇಟ್ಟು ನಕ್ಷೆಗಳನ್ನು ಪರೀಕ್ಷಿಸಬೇಕೆಂಬ ಸೂಚನೆಯೂ ಬಂದಿತು. ತಮ್ಮ ಮೇಲೆ ಇನ್ನೊಬ್ಬ ಪರೀಕ್ಷಕನನ್ನು ಕೂಪರರು ಸಹಿಸಲಿಲ್ಲ. ಅವರ ಹೆಸರು ದೊಡ್ಡದು, ಸರ್ಕಾರವು ಹಿಂಜರಿಯಿತು. ಅಂದಿನಿಂದ ಸೇತುವೆಯ ಎಲ್ಲಾ ಲೆಕ್ಕಗಳಿಗೂ ಅವರೊಬ್ಬರ ಮಾತೇ ಕೊನೆಯ ಮಾತಾಯಿತು. ಆ ಒಬ್ಬರಾದರೋ ನ್ಯೂಯಾರ್ಕಿನ ಕೋಣೆಯಲ್ಲಿದ್ದವರು. 1903ರ ತರುವಾಯ ಅವರು ಕ್ವೆಬೆಕ್ಕಿಗೆ ಹೋಗಲೇ ಇಲ್ಲ; ತಮ್ಮ ಸೇತುವೆಯ ಉಕ್ಕು ನಿಂತುದನ್ನು ಕಣ್ಣಿನಿಂದ ನೋಡಲೂ ಇಲ್ಲ.

1906ರ ಆರಂಭದಲ್ಲಿ, ಕಾರ್ಖಾನೆಯಿಂದ ಹೊರಬಿದ್ದ ಉಕ್ಕಿನ ತೂಕವನ್ನು ಕೂಡುತ್ತಿದ್ದ ಪರೀಕ್ಷಕರೊಬ್ಬರಿಂದ ವರದಿ ಬಂತು. ಊಹಿಸಿದ್ದ ತೂಕವು 6 ಕೋಟಿ 20 ಲಕ್ಷ ಪೌಂಡು. ನಿಜವಾಗಿ ಆಗಲಿರುವುದು 7 ಕೋಟಿ 30 ಲಕ್ಷ ಪೌಂಡಿನ ಹತ್ತಿರ. ಎಂದರೆ ನೂರಕ್ಕೆ ಸುಮಾರು ಹದಿನೆಂಟು ಹೆಚ್ಚು. ಅಷ್ಟರಲ್ಲಿ ದಕ್ಷಿಣ ದಡದ ತೋಳಿನ ಬಹುಭಾಗವು ಎದ್ದು ನಿಂತಿತ್ತು. ಕೂಪರರು ಲೆಕ್ಕ ಹಾಕಿ ನೋಡಿ, ತೊಲೆಗಳ ಮೇಲಿನ ಒತ್ತಡವು ನೂರಕ್ಕೆ ಏಳರಿಂದ ಹತ್ತರಷ್ಟು ಹೆಚ್ಚುವುದೆಂದು ಕಂಡು, ಇಷ್ಟಾದರೆ ಅಪಾಯವಿಲ್ಲವೆಂದು ಒಪ್ಪಿದರು. ಒಪ್ಪದಿದ್ದರೆ ಕಟ್ಟಿದುದನ್ನು ಬಿಚ್ಚಿ ಮೊದಲಿನಿಂದ ಆರಂಭಿಸುವ ಹೊರತು ಬೇರೆ ದಾರಿಯಿರಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಈ ಸೇತುವೆಯ ಗತಿಯು ತೀರ್ಮಾನವಾದದ್ದು ಆ ದಿನದಲ್ಲಿ. ತಪ್ಪು ಲೆಕ್ಕವನ್ನು ಒರಸಿಹಾಕಲು ಸ್ಲೇಟಿನ ಮೇಲೆ ಒದ್ದೆ ಬಟ್ಟೆಯ ಒಂದು ಎಳೆ ಸಾಕು. ಉಕ್ಕಿನಲ್ಲಿ ಬರೆದ ಲೆಕ್ಕವನ್ನು ಒರಸಲು ಎದೆಗಾರಿಕೆ ಬೇಕು, ಹಣವೂ ಬೇಕು.

1907ರ ಬೇಸಗೆಯಲ್ಲಿ ದಕ್ಷಿಣದ ತೋಳು ನೀರಿನ ಮೇಲೆ ಚಾಚಿಕೊಂಡು, ನಡುವಿನ ತುಂಡಿನ ಒಂದು ಭಾಗವನ್ನೂ ತುದಿಯಲ್ಲಿ ಹೊತ್ತು ನಿಂತಿತ್ತು. ಅದರ ಮೇಲೆ ದುಡಿಯುತ್ತಿದ್ದವರಲ್ಲಿ ಅನೇಕರು ಕಾನವಾಗೆ ಎಂಬ ಊರಿನ ಮೋಹಾಕ್ ಜನ. ಅದೇ ನದಿಯ ದಕ್ಷಿಣ ದಡದಲ್ಲಿ, ಮಾಂಟ್ರಿಯಲ್ಲಿನ ಸಮೀಪ, ಮೂಲನಿವಾಸಿಗಳ ಚಿಕ್ಕ ಊರದು. 1886ರಲ್ಲಿ ಅವರ ನೆಲದ ಪಕ್ಕದಲ್ಲಿ ರೈಲುಸೇತುವೆಯೊಂದನ್ನು ಕಟ್ಟಿದಾಗ ಅಲ್ಲಿಯ ಗಂಡಸರು ಈ ಕೆಲಸಕ್ಕೆ ಸೇರಿ, ಎತ್ತರದಲ್ಲಿ ರಿವೆಟ್ಟು ಬಡಿಯುವುದರಲ್ಲಿ ಹೆಸರಾದರು. ಅಣ್ಣ ತಮ್ಮ, ಮಾವ ಅಳಿಯ ಎಲ್ಲರೂ ಒಂದೇ ಗುಂಪಾಗಿ ಕೆಲಸಕ್ಕೆ ಹೋಗುವುದು ಅವರಲ್ಲಿ ವಾಡಿಕೆಯಾಗಿತ್ತು.

ಆ ಜೂನ್ ತಿಂಗಳಿನಿಂದಲೇ ತೊಲೆಗಳ ಕೂಡುಗಳು ಸರಿಯಾಗಿ ಹೊಂದುತ್ತಿರಲಿಲ್ಲ. ಸಣ್ಣ ಅಂತರಗಳು ಕಂಡವು. ಮೊದಲು ಅಂಗುಲದ ಹದಿನಾರನೆಯ ಒಂದು ಪಾಲು, ಕಾಲು ಅಂಗುಲ, ಹೀಗೆ. ಆಗಸ್ಟಿನಲ್ಲಿ ಇನ್ನೂ ಕೆಲವು ತೊಲೆಗಳು ಬಾಗಿದುದು ತಿಳಿಯಿತು. ಕೂಪರರ ಪರವಾಗಿ ಸ್ಥಳದಲ್ಲಿದ್ದ ತರುಣ ಇಂಜಿನಿಯರರಾದ ನಾರ್ಮನ್ ಮೆಕ್ಲೂರ್ ಅವರು ಇದನ್ನು ಅಳೆದು ಬರೆದು ನ್ಯೂಯಾರ್ಕಿಗೆ ಕಳುಹಿಸಿದರು. ಇದು ಹೇಗಾಯಿತೆಂದು ಕೂಪರರು ಕೇಳಿದರು. ತೊಲೆಗಳು ಕಾರ್ಖಾನೆಯಿಂದ ಬರುವಾಗಲೇ ಬಾಗಿದ್ದವೆಂದು ಕಂಪೆನಿಯವರು ಸಾಧಿಸಿದರು. ನಿನ್ನೆ ನೆಟ್ಟಗಿದ್ದುದು ಇಂದು ಬಾಗಿದೆಯೆಂದು ಮೆಕ್ಲೂರರು ಹೇಳಿದರು. ಕಾಗದಗಳು ಹೀಗೆ ಹೋಗಿ ಬರುತ್ತಲಿದ್ದವು. ಸೇತುವೆಯ ಮೇಲೆ ಉಕ್ಕು ಏರುತ್ತಲೇ ಇತ್ತು. ಆಗಸ್ಟ್ 27ರಂದು ದಡದ ಕಡೆಯ ತೋಳಿನ ಒಂಬತ್ತನೆಯ ತೊಲೆಯನ್ನು ಅಳೆದಾಗ, ಒಂದು ವಾರದ ಹಿಂದೆ ಮುಕ್ಕಾಲು ಅಂಗುಲವಿದ್ದ ಬಾಗು ಎರಡೂಕಾಲು ಅಂಗುಲವಾಗಿತ್ತು.

ಓದುವವರು ಒಂದು ಕ್ಷಣ ಇಲ್ಲಿ ನಿಲ್ಲಬೇಕೆಂದು ಕೇಳಿಕೊಳ್ಳುತ್ತೇವೆ. 57 ಅಡಿ ಉದ್ದದ ಉಕ್ಕಿನ ತೊಲೆಯಲ್ಲಿ ಎರಡೂಕಾಲು ಅಂಗುಲವೆಂದರೆ ದೂರದಿಂದ ನೋಡುವವನ ಕಣ್ಣಿಗೆ ಬೀಳದು. ಆದರೆ ಬಾಗಿದ ಕಡ್ಡಿಯು ಇನ್ನಷ್ಟು ಸುಲಭವಾಗಿ ಬಾಗುತ್ತದೆಂಬುದನ್ನು ಮೇಲೆ ಹೇಳಿದ ಸೂಡಿಕಡ್ಡಿಯಲ್ಲಿ ಯಾರೂ ನೋಡಬಹುದು. ಅಂದು ಸ್ಥಳದಲ್ಲಿದ್ದವರು ಅದನ್ನು ಅರಿಯದೆ ಇರಲಿಲ್ಲ. ಕೆಲಸದ ಮೇಸ್ತ್ರಿಯು ಮೊದಲು ಕೆಲಸ ನಿಲ್ಲಿಸುತ್ತೇನೆಂದನು. ಮರುದಿನ ಮನಸ್ಸು ಬದಲಿಸಿ ಮುಂದುವರಿಸಿದನು. ನಿಲ್ಲಿಸಿದರೆ ಕೂಲಿಯವರು ಚದರಿ ಹೋಗುವರು, ಮತ್ತೆ ಸಿಕ್ಕರು ಎಂಬ ಭಯವೂ ಇತ್ತು. ಸೇತುವೆ ಕಂಪೆನಿಯ ಮುಖ್ಯ ಇಂಜಿನಿಯರರಾದ ಎಡ್ವರ್ಡ್ ಹೋರ್ ಅವರು ಸ್ಥಳದಲ್ಲಿಯೇ ಇದ್ದರೂ, ನಿಲ್ಲಿಸಿರೆಂದು ಹೇಳುವ ಧೈರ್ಯವನ್ನು ತಮ್ಮಲ್ಲಿ ಕಾಣದೆ, ಕೂಪರರನ್ನು ಕೇಳಿ ಬರಲೆಂದು ಮೆಕ್ಲೂರರನ್ನು ನ್ಯೂಯಾರ್ಕಿಗೆ ಕಳುಹಿಸಿದರು.

ಆಗಸ್ಟ್ 29, ಗುರುವಾರ. ಬೆಳಿಗ್ಗೆ ಹನ್ನೊಂದೂವರೆಯ ಸುಮಾರಿಗೆ ಮೆಕ್ಲೂರರು ಕೂಪರರ ಕಚೇರಿಯನ್ನು ಮುಟ್ಟಿದರು. ಕೂಪರರು ಎಲ್ಲವನ್ನೂ ಕೇಳಿದೊಡನೆ ಅಪಾಯವನ್ನು ತಿಳಿದುಕೊಂಡರು. ವಿಷಯವನ್ನು ಸರಿಯಾಗಿ ವಿಚಾರಿಸುವ ತನಕ ಸೇತುವೆಯ ಮೇಲೆ ಇನ್ನು ಭಾರವನ್ನು ಹಾಕಕೂಡದೆಂದು ಮಧ್ಯಾಹ್ನ ಹನ್ನೆರಡೂಕಾಲಕ್ಕೆ ತಂತಿ ಬರೆದರು. ಆದರೆ ತಂತಿಯನ್ನು ಕಳುಹಿಸಿದ್ದು ಪೆನ್ಸಿಲ್ವೇನಿಯಾದ ಕಂಪೆನಿಗೆ, ಕ್ವೆಬೆಕ್ಕಿಗಲ್ಲ. ಕೆಲಸ ಮಾಡಿಸುತ್ತಿದ್ದ ಕಂಪೆನಿಯವರೇ ಬೇಗ ನಿಲ್ಲಿಸಬಲ್ಲರೆಂದು ಅವರ ಎಣಿಕೆ. ತಂತಿಯು ಮೂರು ಗಂಟೆಗೆ ಅಲ್ಲಿಗೆ ತಲುಪಿತು. ಮೆಕ್ಲೂರರೂ ಐದು ಗಂಟೆಯ ಹೊತ್ತಿಗೆ ಅಲ್ಲಿಗೆ ಹೋದರು. ಕಂಪೆನಿಯವರು ಕುಳಿತು ಮಾತಾಡಿ, ಬೆಳಿಗ್ಗೆ ಪುನಃ ಸೇರೋಣವೆಂದು ಎದ್ದರು.

ಅದೇ ಹೊತ್ತಿಗೆ, ಸಂಜೆ 5 ಗಂಟೆ 37 ನಿಮಿಷಕ್ಕೆ, ಸೇತುವೆ ಬಿದ್ದಿತು. ದಿನದ ಕೆಲಸ ಮುಗಿಯಿತೆಂಬ ಸೀಟಿಯ ಹೊತ್ತು. ಕೆಳಗಿನ ತೊಲೆಯ ಹೆಣಿಗೆಯ ಪಟ್ಟಿಗಳು ಹರಿದು, ಒಂದು ಪಕ್ಕದ ತೊಲೆಯು ಮಡಿಸಿಹೋಯಿತು; ಅದರ ಭಾರವು ಆಚೆಯ ಪಕ್ಕಕ್ಕೆ ಬಿದ್ದು ಅದೂ ಮಡಿಸಿಹೋಯಿತು. 19,000 ಟನ್ ಉಕ್ಕು ಕಾಲು ನಿಮಿಷದಲ್ಲಿ ನೆಲಕ್ಕೂ ನೀರಿಗೂ ಕುಸಿಯಿತು. ಆರು ಮೈಲಿ ದೂರದ ಪಟ್ಟಣದಲ್ಲಿ ಆ ಸದ್ದು ಕೇಳಿಸಿತು. ಸೇತುವೆಯ ಮೇಲಿದ್ದ 86 ಮಂದಿಯಲ್ಲಿ 75 ಮಂದಿ ಸತ್ತರು. ಮನಸ್ಸು ಬದಲಿಸಿದ ಆ ಮೇಸ್ತ್ರಿಯೂ ಅವರಲ್ಲಿ ಒಬ್ಬನು. ಉಕ್ಕಿನ ಅಡಿಯಲ್ಲಿ ಸಿಕ್ಕಿಕೊಂಡು ಜೀವದಿಂದಿದ್ದ ಕೆಲವರನ್ನು ದಡದವರು ಬಿಡಿಸಲಾರದೆ ಹೋದರು. ರಾತ್ರಿ ಉಬ್ಬರದ ನೀರು ಏರಿತು.

ಸತ್ತವರಲ್ಲಿ 33 ಮಂದಿ ಕಾನವಾಗೆಯವರು. ಒಂದು ಚಿಕ್ಕ ಊರಿನ ಮೂವತ್ತಮೂರು ಗಂಡಸರು ಒಂದೇ ಕಾಲು ನಿಮಿಷದಲ್ಲಿ ಹೋದರೆಂದರೆ, ಯಾವ ಮನೆಗಳಲ್ಲಿ ಅಂದು ದೀಪ ಹಚ್ಚುವವರಿದ್ದರೋ ನಮಗೆ ಊಹಿಸಲು ಶಕ್ತಿಯಿಲ್ಲ. ಅವರ ಸಮಾಧಿಗಳ ಮೇಲೆ ಉಕ್ಕಿನ ತೊಲೆಗಳಿಂದ ಮಾಡಿದ ಶಿಲುಬೆಗಳನ್ನು ನಿಲ್ಲಿಸಿದರು. ಇದಾದ ಮೇಲೆ ಆ ಊರಿನ ಹೆಂಗಸರು ಒಂದು ಮಾತನ್ನು ಹಿಡಿದರೆಂದು ಅಲ್ಲಿಯವರು ಹೇಳುತ್ತ ಬಂದಿದ್ದಾರೆ. ಗಂಡಸರು ಈ ಕೆಲಸವನ್ನು ಬಿಡಬೇಕೆಂದು ಅವರು ಕೇಳಲಿಲ್ಲ. ಬಿಡಲಾರರೆಂಬುದು ಅವರಿಗೆ ಗೊತ್ತಿತ್ತು. ಎಲ್ಲರೂ ಒಂದೇ ಸೇತುವೆಗೆ ಹೋಗಕೂಡದು, ಚಿಕ್ಕ ಚಿಕ್ಕ ಗುಂಪುಗಳಾಗಿ ಬೇರೆ ಬೇರೆ ಊರುಗಳ ಕೆಲಸಕ್ಕೆ ಹೋಗಬೇಕು ಎಂದರು. ಕಾಲಕ್ರಮದಲ್ಲಿ ಅವರು ನ್ಯೂಯಾರ್ಕಿನ ವರೆಗೂ ಹೋಗಿ ಅಲ್ಲಿಯ ಗಗನಚುಂಬಿ ಕಟ್ಟಡಗಳ ಮೇಲೆ ದುಡಿದರು. ವಿಚಾರಣೆಯ ದೊಡ್ಡ ಗ್ರಂಥಗಳಲ್ಲಿ ಈ ಹೆಂಗಸರ ಮಾತಿಗೆ ಜಾಗವಿಲ್ಲ. ಆದರೂ ಈ ಇಡೀ ವೃತ್ತಾಂತದಲ್ಲಿ, ಆದುದನ್ನು ನೋಡಿ, ಲೆಕ್ಕವನ್ನು ಪುನಃ ಮಾಡಿ, ಕ್ರಮವನ್ನು ಬದಲಾಯಿಸಿದವರಲ್ಲಿ ಅವರು ಮೊದಲಿಗರೆಂದು ನಾವು ತಿಳಿಯುತ್ತೇವೆ.

ಸರ್ಕಾರವು ಮೂವರ ಆಯೋಗವನ್ನು ನೇಮಿಸಿತು: ಹೆನ್ರಿ ಹೋಲ್ಗೇಟ್, ಜೆ. ಜಿ. ಜಿ. ಕೆರಿ, ಮತ್ತು ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಕಲಿಸುತ್ತಿದ್ದ ಜಾನ್ ಗಾಲ್‌ಬ್ರೇತ್. ಅವರು 1908ರಲ್ಲಿ ಕೊಟ್ಟ ವರದಿಯು ದಾಕ್ಷಿಣ್ಯವಿಲ್ಲದ್ದು. ಕೆಳಗಿನ ತೊಲೆಗಳ ವಿನ್ಯಾಸವು ದೋಷವುಳ್ಳದ್ದೆಂದೂ, ಅದು ಸ್ಲಾಪ್ಕಾ ಮತ್ತು ಕೂಪರ್ ಇವರಿಬ್ಬರ ತೀರ್ಮಾನದ ತಪ್ಪೆಂದೂ, ಸೇತುವೆಯ ಸ್ವಂತ ತೂಕವನ್ನು ಕಡಿಮೆಯಾಗಿ ಹಿಡಿದು ಆ ಮೇಲೆ ತಿದ್ದದೆ ಹೋದುದು ಘೋರ ಪ್ರಮಾದವೆಂದೂ ಹೇಳಿತು. ತೂಕದ ತಪ್ಪೊಂದೇ ಈ ಸೇತುವೆಯನ್ನು ನಿರಾಕರಿಸಲು ಸಾಕಾಗಿತ್ತೆಂಬುದು ಆಯೋಗದವರ ಅಭಿಪ್ರಾಯ. ಉಕ್ಕಿನಲ್ಲಿ ದೋಷವಿರಲಿಲ್ಲ, ಕೆಲಸಗಾರರಲ್ಲಿಯೂ ಇರಲಿಲ್ಲ.

ಕೂಪರರು ಆ ಮೇಲೆ ಕೆಲಸದಿಂದ ಹಿಂದೆ ಸರಿದು 1919ರಲ್ಲಿ ತೀರಿಕೊಂಡರು. ಎಲ್ಲಾ ತಪ್ಪನ್ನೂ ಅವರ ತಲೆಗೆ ಕಟ್ಟುವುದು ಸುಲಭ. ಅನೇಕರು ಹಾಗೆ ಮಾಡಿದ್ದಾರೆ. ನಮಗೆ ಅದು ಪೂರ್ಣ ನ್ಯಾಯವೆಂದು ತೋರುವುದಿಲ್ಲ. ರೋಗಿಯಾದ ವೃದ್ಧರೊಬ್ಬರಿಗೆ ಅಲ್ಪ ಸಂಬಳವನ್ನು ಕೊಟ್ಟು, ಸಾಕಷ್ಟು ಸಹಾಯಕರನ್ನು ಕೊಡದೆ, ಎಲ್ಲಾ ಅಧಿಕಾರವನ್ನು ಅವರಲ್ಲಿಯೇ ಇಟ್ಟು ನಿಶ್ಚಿಂತರಾದವರೂ ಉಂಟಷ್ಟೆ. ಎರಡನೆಯ ಕಣ್ಣು ಬೇಡವೆಂದ ಕೂಪರರ ಅಭಿಮಾನವು ತಪ್ಪು. ಬೇಡವೆಂದಾಗ ಸುಮ್ಮನಾದ ಸರ್ಕಾರದ ವಿನಯವೂ ತಪ್ಪು. ಜಾಣ ಹುಡುಗಿಯ ಪತ್ರಿಕೆಯನ್ನು ಓದದೆ ಅಂಕ ಹಾಕುವ ಶಿಕ್ಷಕಿಯು ಆ ಹುಡುಗಿಗೆ ಉಪಕಾರ ಮಾಡಿದಂತಾಗುವುದಿಲ್ಲ.

ಸೇತುವೆಯ ಅವಶ್ಯಕತೆಯು ಮಾತ್ರ ಹಾಗೆಯೇ ಉಳಿದಿತ್ತು. ಈ ಸಲ ಕೆನಡಾ ಸರ್ಕಾರವೇ ಕೆಲಸವನ್ನು ಕೈಗೆತ್ತಿಕೊಂಡು, ಒಬ್ಬರಿಗೆ ಬದಲಾಗಿ ಇಂಜಿನಿಯರುಗಳ ಮಂಡಲಿಯನ್ನು ಏರ್ಪಡಿಸಿತು. 1911ರಲ್ಲಿ ಸೇಂಟ್ ಲಾರೆನ್ಸ್ ಬ್ರಿಡ್ಜ್ ಕಂಪೆನಿಗೆ ಗುತ್ತಿಗೆಯಾಯಿತು. ಕಂಬಗಳ ನಡುವಣ ಅಂತರವು ಹಿಂದಿನಂತೆಯೇ 1,800 ಅಡಿ. 580 ಅಡಿಯ ಎರಡು ತೋಳುಗಳು, ಅವುಗಳ ನಡುವೆ 640 ಅಡಿಯ ತುಂಡು. ಕೂಡಿ ನೋಡಿದರೆ ಸರಿಯಾಗುವುದು. ತೊಲೆಗಳು ಮಾತ್ರ ಹಿಂದಿನವುಗಳಿಗಿಂತ ಬಹಳ ದಪ್ಪವೂ ಭಾರವೂ ಆದವುಗಳು. ಕೆಲವು ಭಾಗಗಳಿಗೆ ನಿಕ್ಕಲ್ ಬೆರಸಿದ ಹೆಚ್ಚು ಗಟ್ಟಿಯಾದ ಉಕ್ಕನ್ನು ಹಾಕಿದರು. ಹಳೆಯ ಸೇತುವೆಯ ಬೆಡಗು ಇದಕ್ಕಿಲ್ಲವೆಂದು ಚಿತ್ರಗಳನ್ನು ಹೋಲಿಸಿದವರು ಹೇಳುತ್ತಾರೆ. ಇರಬಹುದು.

ಎರಡು ತೋಳುಗಳು ಮುಗಿದುವು. ನಡುವಿನ ತುಂಡನ್ನು ಬೇರೆ ಕಡೆಯಲ್ಲಿ ಕಟ್ಟಿ, ದೋಣಿಗಳ ಮೇಲೆ ತೇಲಿಸಿ ತಂದು, ನೀರಿನ ಒತ್ತಡದಿಂದ ನಡೆಯುವ ಜಾಕುಗಳಿಂದ ಒಂದೊಂದು ಸಲಕ್ಕೆ ಎರಡೆರಡು ಅಡಿಯಂತೆ ಮೇಲೆತ್ತಬೇಕು. 1916ರ ಸೆಪ್ಟೆಂಬರ್ 11ರಂದು, ನೋಡಲು ಸಾವಿರಾರು ಜನರು ಕೂಡಿರಲು, ಐದು ಸಾವಿರ ಟನ್ನಿನ ಆ ತುಂಡು ನೀರಿನಿಂದ ಕೆಲವು ಅಡಿ ಎದ್ದಿತ್ತು. ಒಂದು ಮೂಲೆಯಲ್ಲಿ ಅದನ್ನು ಹೊತ್ತಿದ್ದ ಎರಕದ ಉಕ್ಕಿನ ಆಧಾರವು ಮುರಿಯಿತು. ತುಂಡು ವಾಲಿ, ಜಾರಿ, ನದಿಯಲ್ಲಿ ಮುಳುಗಿತು. 13 ಮಂದಿ ಸತ್ತರು. ತೋಳುಗಳು ನಡುಗಿದವು, ಆದರೆ ನಿಂತವು. ಈ ಸಲ ತಪ್ಪನ್ನು ಇನ್ನೊಬ್ಬರ ಮೇಲೆ ಹಾಕುವ ಕಾಗದಗಳು ಓಡಾಡಲಿಲ್ಲ. ಕಂಪೆನಿಯು ಹೊಣೆಯನ್ನು ಒಪ್ಪಿಕೊಂಡು ಹೊಸ ತುಂಡನ್ನು ತನ್ನ ಖರ್ಚಿನಲ್ಲಿ ಕಟ್ಟಿತು. ಮುರಿದ ಆಧಾರದ ರೀತಿಯನ್ನೇ ಬದಲಾಯಿಸಿತು. ಮಹಾಯುದ್ಧದ ಕಾಲವಾದುದರಿಂದ ಉಕ್ಕು ಸಿಕ್ಕುವುದೇ ಕಷ್ಟವಾಗಿದ್ದಾಗ ಇದನ್ನು ಒಂದು ವರ್ಷದಲ್ಲಿ ಮಾಡಿದರು.

1917ರ ಸೆಪ್ಟೆಂಬರ್ 17ರಂದು ಹೊಸ ತುಂಡನ್ನು ಎತ್ತಲು ತೊಡಗಿದರು. ಅವಸರಪಡಲಿಲ್ಲ. ನಾಲ್ಕನೆಯ ದಿನ, 20ರಂದು, ಅದು 150 ಅಡಿ ಮೇಲೇರಿ ತನ್ನ ಸ್ಥಾನದಲ್ಲಿ ಕೂತಿತು. ಅಕ್ಟೋಬರ್ 17ರಂದು ಮೊದಲ ರೈಲು ದಾಟಿತು. 1919ರ ಆಗಸ್ಟ್ 22ರಂದು ವೇಲ್ಸಿನ ರಾಜಕುಮಾರರು ಅದನ್ನು ವಿಧ್ಯುಕ್ತವಾಗಿ ತೆರೆದರು.

ಕೆನಡಾ ದೇಶದಲ್ಲಿ ಇಂಜಿನಿಯರಿಂಗ್ ಓದಿ ಮುಗಿಸುವ ತರುಣ ತರುಣಿಯರು, ಕೆಲಸ ಮಾಡುವ ಕೈಯ ಕಿರುಬೆರಳಿಗೆ ಕಬ್ಬಿಣದ ಸಾದಾ ಉಂಗುರವೊಂದನ್ನು ತೊಡುವ ವಾಡಿಕೆಯಿದೆ. ಕವಿ ಕಿಪ್ಲಿಂಗರು ಬರೆದುಕೊಟ್ಟ ವಿಧಿಯಂತೆ ಇದು 1925ರಲ್ಲಿ ಆರಂಭವಾಯಿತು. ಮೊದಲ ಉಂಗುರಗಳನ್ನು ಬಿದ್ದ ಕ್ವೆಬೆಕ್ ಸೇತುವೆಯ ಕಬ್ಬಿಣದಿಂದಲೇ ಮಾಡಿದರೆಂಬ ಕಥೆಯೊಂದು ಬಹಳ ಪ್ರಚಾರದಲ್ಲಿದೆ. ಕೇಳಲು ಚೆನ್ನಾಗಿದ್ದರೂ ಅದು ನಿಜವಲ್ಲ. ನಮ್ಮ ವಿದ್ಯಾರ್ಥಿನಿಯರು ಎಲ್ಲಿಯಾದರೂ ಅದನ್ನು ಓದಿದರೆ ಹಾಗೆಂದು ತಿಳಿದಿರಬೇಕು. ಲೆಕ್ಕದಂತೆ ಕಥೆಯನ್ನೂ ತಾಳೆ ನೋಡಬೇಕಾಗುತ್ತದೆ.

ಆ ಸೇತುವೆಯು ಇಂದಿಗೂ ಇದೆ. 1929ರಲ್ಲಿ ಅದರ ಮೇಲೆ ಮೋಟಾರು ರಸ್ತೆಯೂ ಆಯಿತು. 1970ರಲ್ಲಿ ಅದರ ಪಕ್ಕದಲ್ಲಿಯೇ ಪಿಯೆರ್ ಲಾಪೋರ್ಟ್ ಎಂಬ ಹೊಸ ತೂಗುಸೇತುವೆ ಎದ್ದಿತು; ಅದರ ಅಂತರವು ಹೆಚ್ಚು. ಆದರೆ ಚಾಚುತೋಳಿನ ಸೇತುವೆಗಳಲ್ಲಿ 1,800 ಅಡಿಯನ್ನು ಮೀರಿದುದು ಲೋಕದಲ್ಲಿ ಇನ್ನೂ ಇಲ್ಲ. 1996ರಲ್ಲಿ ಕೆನಡಾ ದೇಶವು ಅದನ್ನು ರಾಷ್ಟ್ರೀಯ ಐತಿಹಾಸಿಕ ಸ್ಥಾನವೆಂದು ಮಾನ್ಯ ಮಾಡಿತು. ಬಣ್ಣ ಬಳಿಯುವ ಖರ್ಚು ಯಾರದೆಂಬ ವಿಷಯದಲ್ಲಿ ರೈಲು ಕಂಪೆನಿಗೂ ಸರ್ಕಾರಕ್ಕೂ ವ್ಯಾಜ್ಯವೆದ್ದು, ಅನೇಕ ವರ್ಷ ತುಕ್ಕು ಹಿಡಿಯುತ್ತ ನಿಂತಿದ್ದ ಅದನ್ನು 2024ರಲ್ಲಿ ಕೆನಡಾ ಸರ್ಕಾರವು ತನ್ನ ವಶಕ್ಕೆ ತೆಗೆದುಕೊಂಡಿತು. 1916ರಲ್ಲಿ ಬಿದ್ದ ತುಂಡನ್ನು ಯಾರೂ ಮೇಲೆತ್ತಲಿಲ್ಲ. ಅದು ಸೇತುವೆಯ ಕೆಳಗೆ ನದಿಯ ತಳದಲ್ಲಿಯೇ ಇದೆ, ಹಡಗುಗಳು ಅದರ ಮೇಲಿನಿಂದ ಮಾಂಟ್ರಿಯಲ್ಲಿಗೆ ಹೋಗುತ್ತವೆ.